ಮನೆಯಿಂದ 5 ಕಿ.ಮೀ. ದೂರದ ತೋಟದ ಕ್ಯಾಮೆರಾಗಳಿಗೆ 80 ಕಿ.ಮೀ. ದೂರಕ್ಕೆಂದೇ ಮಾಡಿದ ಫೈಬರ್ ರಿಸೀವರ್ ಹಾಕಿದರೆ ಸೇಫ್ ಅಲ್ಲವೇ?

ಹಾಕಬೇಡಿ. ನಾನು ಹಾಕಿದ್ದೆ.

ನಿಮ್ಮದು ಬೆಳ್ತಂಗಡಿ ಕಡೆಯ ರಬ್ಬರು ತೋಟ, ನಮ್ಮದು ಕುಂದಾಪುರದಾಚೆ ಹೊಳೆ ಬದಿಯ ಸಿಗಡಿ ಹೊಂಡ. ನಿಮಗೆ 5 ಕಿಲೋಮೀಟರ್, ನಮಗೆ 3.8. ಉಳಿದದ್ದೆಲ್ಲ ಅದೇ. "20 ಕಿ.ಮೀ.ಯದ್ದಕ್ಕೂ 80ರದ್ದಕ್ಕೂ ಬೆಲೆಯಲ್ಲಿ ಅಂಥ ವ್ಯತ್ಯಾಸ ಇಲ್ಲ, ಜಾಸ್ತಿ ದೂರದ್ದೇ ಇದ್ದರೆ ಮಳೆಗಾಲಕ್ಕೂ ಧೈರ್ಯ" ಅಂತ ಬರೆದಿದ್ದೀರಲ್ಲ, ಹೆಚ್ಚುಕಡಿಮೆ ಅದೇ ಮಾತನ್ನು ನಾನು ಅಂಗಡಿಯವನ ಎದುರು ನಿಂತು ಹೇಳಿದ್ದೆ. ಅವನೂ "ಹೌದು ಸರ್, ಪವರ್ ಜಾಸ್ತಿ ಉಂಟು" ಅಂದ. ಸುಳ್ಳೇನೂ ಹೇಳಲಿಲ್ಲ.

ನಮ್ಮಲ್ಲಿ ಮೂರು ಹೊಂಡ, ನಾಲ್ಕು ಕ್ಯಾಮೆರಾ. ವನ್ನಾಮಿ ಸಿಗಡಿ ಸಾಕುವವರಿಗೆ ಕಳ್ಳರಿಗಿಂತ ದೊಡ್ಡ ಹೆದರಿಕೆ ಬೆಳಗಿನ ಜಾವದ್ದು. ಹಗಲಿಡೀ ಆಮ್ಲಜನಕ ಕೊಡುವ ಪಾಚಿ ಕತ್ತಲಾದ ಮೇಲೆ ತಾನೂ ಅದನ್ನೇ ಎಳೆಯಲು ಶುರು ಮಾಡುತ್ತದೆ. ಸೂರ್ಯ ಹುಟ್ಟುವ ಮೊದಲು ನೀರಿನಲ್ಲಿ ಆಮ್ಲಜನಕ ಅತೀ ಕಮ್ಮಿ. ಆ ಹೊತ್ತಿಗೆ ನೀರಿಗೆ ಗಾಳಿ ಬೆರೆಸುವ ಏರಿಯೇಟರ್ ಚಕ್ರ ನಿಂತರೆ ಸಿಗಡಿ ದಂಡೆಗೆ ಬಂದು ಬಾಯಿ ಬಿಡುತ್ತದೆ. ಹಾಗಾಗಿ ನಮಗೆ ಕ್ಯಾಮೆರಾ ಬೇಕಾಗಿದ್ದದ್ದು ಒಂದೇ ಕೆಲಸಕ್ಕೆ: ಚಕ್ರ ತಿರುಗುತ್ತಿದೆಯೋ ಇಲ್ಲವೋ ಅಂತ ಮನೆಯಲ್ಲೇ ಕೂತು ನೋಡಲಿಕ್ಕೆ.

ತಾಮ್ರದ ನೆಟ್‌ವರ್ಕ್ ಕೇಬಲ್ 100 ಮೀಟರ್ ದಾಟಿದರೆ ಸುಸ್ತು. ಊರಿನ ಟಿವಿ ಕೇಬಲ್‌ನವರ ಫೈಬರ್ ನಮ್ಮ ಹೊಂಡದ ಹತ್ತಿರವೇ ಹೋಗುತ್ತಿತ್ತು, ಅದರಲ್ಲಿ ಎರಡು ಕೋರ್, ಅಂದರೆ ಎರಡು ಗಾಜಿನ ಎಳೆ, ಖಾಲಿ ಇತ್ತು, ತಿಂಗಳಿಗಿಷ್ಟು ಅಂತ ಮಾತಾಯಿತು. ಹೊಂಡದ ಶೆಡ್ಡಿನಲ್ಲಿ ಒಂದು ಪೆಟ್ಟಿಗೆ, ಮನೆಯಲ್ಲೊಂದು. ಮನೆಯದ್ದನ್ನು ಎಲ್ಲರೂ ರಿಸೀವರ್ ಅನ್ನುತ್ತಾರೆ, ನಿಜಕ್ಕೆ ಎರಡೂ ಪೆಟ್ಟಿಗೆ ಬೆಳಕು ಕಳಿಸುತ್ತವೆ, ಎರಡೂ ಪಡೆಯುತ್ತವೆ. ಆ ಕೆಲಸ ಮಾಡುವ ಬಿಡಿಭಾಗಕ್ಕೆ ಮಾಡ್ಯೂಲ್ ಅನ್ನುತ್ತಾರೆ. ಎರಡಕ್ಕೂ 80 ಕಿ.ಮೀ.ಯ 1550 ನ್ಯಾನೋಮೀಟರ್ (ಅದು ಬೆಳಕಿನ ತರಂಗದ ಉದ್ದ) ಮಾಡ್ಯೂಲ್ ಹಾಕಿಸಿದೆ. ಮೂರು ತಿಂಗಳು ಚಿತ್ರ ಕನ್ನಡಿಯ ಹಾಗೆ ಬಂತು.

ಫೆಬ್ರವರಿಯಲ್ಲಿ ಮನೆಯ ಪೆಟ್ಟಿಗೆಯನ್ನು ಜಗಲಿಯಿಂದ ಮಾಳಿಗೆಗೆ ಏರಿಸಿದೆ. ಹೇಗೂ ಬಿಚ್ಚಿದ್ದೇನೆ ಅಂತ ಕನೆಕ್ಟರ್ ತುದಿಗಳನ್ನೆಲ್ಲ ಸ್ಪಿರಿಟ್ ಹಾಕಿ ಚೆಂದ ಮಾಡಿ ಒರೆಸಿದೆ. ಅಲ್ಲಿಂದ ಶುರುವಾಯಿತು ನೋಡಿ. ಚಿತ್ರ ಚೌಕ ಚೌಕವಾಗಿ ಒಡೆಯುವುದು, ಅರ್ಧ ನಿಮಿಷ ನಿಲ್ಲುವುದು, ಮತ್ತೆ ಬರುವುದು. ಲಿಂಕ್ ದೀಪ ಮಾತ್ರ ಹಸಿರಾಗಿಯೇ ಇರುತ್ತಿತ್ತು. ಇಂಥ ಹೊತ್ತಲ್ಲಿ ಯಾರಿಗಾದರೂ ಏನನ್ನಿಸುತ್ತದೆ? ಬೆಳಕು ಸಾಲುತ್ತಿಲ್ಲ ಅಂತ. ನಾನು ಇನ್ನೊಮ್ಮೆ ಒರೆಸಿದೆ. ಇನ್ನೂ ಕೆಟ್ಟಿತು.

ಸ್ಪ್ಲೈಸಿಂಗ್, ಅಂದರೆ ಫೈಬರ್ ತುದಿಗಳನ್ನು ಬೆಸೆಯುವ ಕೆಲಸ ಮಾಡುವ ಹುಡುಗನನ್ನು ಮಂಗಳೂರಿಂದ ಕರೆಸಿದೆ. ನಾನು ಆ ದಿನ ಉಡುಪಿಯಲ್ಲಿದ್ದೆ, ಅವನು ನಮ್ಮ ಮನೆಯಿಂದಲೇ ಫೋನ್ ಮಾಡಿದ.

"ಸರ್, ಮೀಟರಿನಲ್ಲಿ ಸೊನ್ನೆ ಬರ್ತಾ ಉಂಟು."

"ಸೊನ್ನೆಯಾ? ಹಾಗಾದ್ರೆ ಲೈನೇ ಹೋಗಿದೆ!"

"ಇಲ್ಲ ಸರ್, ಒಳ್ಳೆ ಉಂಟು ಲೈಟು."

"ಸೊನ್ನೆ ಹೇಗೆ ಮಾರಾಯ ಒಳ್ಳೆದಾಗ್ತದೆ? ಎರಡೂ ಜಾಯಿಂಟ್ ಕಡಿದು ಹೊಸತಾಗಿ ಹಾಕು."

ಹಾಕಿದ ಪಾಪ. ಮೊದಲಿಗಿಂತ ಚೆನ್ನಾಗಿ ಹಾಕಿದ. ನನ್ನನ್ನು ಮುಳುಗಿಸಿದ್ದು ಆ ಚೆನ್ನಾದ ಜಾಯಿಂಟೇ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಬೇಡಿ. ಪವರ್ ಮೀಟರಿನಲ್ಲಿ ಕಾಣುವುದು ಡಿಬಿಎಂ. ಅದು ಒಂದು ಮಿಲಿವಾಟ್ ಬೆಳಕಿನ ಜೊತೆಗಿನ ಹೋಲಿಕೆ. ಸರಿಯಾಗಿ ಒಂದು ಮಿಲಿವಾಟ್ ಬಂದರೆ ಸೊನ್ನೆ. ಅದರ ಹತ್ತನೇ ಒಂದು ಪಾಲು ಬಂದರೆ ಮೈನಸ್ 10, ನೂರನೇ ಒಂದು ಪಾಲಾದರೆ ಮೈನಸ್ 20. ಅಂದರೆ ಸೊನ್ನೆ ಎಂದರೆ ಕತ್ತಲೆಯಲ್ಲ, ಕಣ್ಣು ಕುಕ್ಕುವ ಬೆಳಕು. ನನ್ನ ಮಾಡ್ಯೂಲಿನ ಕಾಗದದಲ್ಲಿ ಸ್ಪಷ್ಟವಾಗಿ ಎರಡು ಸಂಖ್ಯೆ ಇತ್ತು: ರಿಸೀವರಿಗೆ ಕನಿಷ್ಠ ಮೈನಸ್ 23, ಗರಿಷ್ಠ ಮೈನಸ್ 3. ನಾನು ಓದಿದ್ದು ಕನಿಷ್ಠದ ಸಾಲು ಮಾತ್ರ. ಬೆಳಕಿಗೆ ಗರಿಷ್ಠ ಅನ್ನುವುದು ಯಾಕಿರುತ್ತದೆ ಅಂತ ತಲೆಗೇ ಹೋಗಲಿಲ್ಲ. ಬಂದಷ್ಟೂ ಒಳ್ಳೆಯದೇ ಅಲ್ಲವಾ!

ಅಲ್ಲ. 80 ಕಿ.ಮೀ. ಮಾಡ್ಯೂಲಿನ ಲೇಸರ್ ಸೊನ್ನೆಯಿಂದ ಪ್ಲಸ್ 5ರವರೆಗೆ ಕಳಿಸುತ್ತದೆ. ದಾರಿಯಲ್ಲಿ ಬೆಳಕು ಎಷ್ಟು ಕಮ್ಮಿಯಾಯಿತು ಅನ್ನುವುದನ್ನು ಡಿಬಿಯಲ್ಲಿ ಹೇಳುತ್ತಾರೆ. 1550ರಲ್ಲಿ, ದೂರಕ್ಕೆ ಬಳಸುವ ಸಿಂಗಲ್ ಮೋಡ್ ಫೈಬರ್ ಕಿಲೋಮೀಟರಿಗೆ ತಿನ್ನುವುದು ಸುಮಾರು 0.25 ಡಿಬಿ. 3.8 ಕಿಲೋಮೀಟರಿಗೆ ಒಂದು ಡಿಬಿಯೂ ಹೋಗಲಿಲ್ಲ. ಜಾಯಿಂಟು, ಕನೆಕ್ಟರು ಎಲ್ಲ ಸೇರಿ ಮತ್ತೆರಡು ಡಿಬಿ. ಉಳಿದದ್ದೆಲ್ಲ ಸೀದಾ ರಿಸೀವರಿನ ಕಣ್ಣಿಗೆ. ಗರಿಷ್ಠ ಮೈನಸ್ 3 ಇರುವ ಕಡೆ ಸೊನ್ನೆ ಬಂದರೆ ತಡೆದುಕೊಳ್ಳುವುದರ ಎರಡು ಪಟ್ಟು ಬೆಳಕು, ಯಾಕೆಂದರೆ 3 ಡಿಬಿ ಅಂದರೇ ಎರಡು ಪಟ್ಟು. ಚಾರ್ಮಾಡಿ ಘಾಟಿಯಲ್ಲಿ ರಾತ್ರಿ ಎದುರಿನ ಲಾರಿಯವನು ಹೈಬೀಮ್ ಹೊಡೆದಾಗ ನಿಮಗೆ ರಸ್ತೆ ಕಾಣುತ್ತದಾ? ರಿಸೀವರಿನೊಳಗಿನ ಫೋಟೋಡಯೋಡಿನ ಗತಿಯೂ ಅದೇ. ಬೆಳಕು ಇದ್ದರೆ ಒಂದು, ಕಮ್ಮಿಯಾದರೆ ಸೊನ್ನೆ ಅಂತ ಅದು ಎಣಿಸಬೇಕು. ವಿಪರೀತ ಬೆಳಕು ಬಿದ್ದಾಗ ಅದರ ಹಿಂದಿನ ಆಂಪ್ಲಿಫೈಯರ್ ತುಂಬಿ ಕೂತುಬಿಡುತ್ತದೆ, ಒಂದು ಯಾವುದು ಸೊನ್ನೆ ಯಾವುದು ಗೊತ್ತಾಗುವುದಿಲ್ಲ. ಹೆಚ್ಚು ದಿನ ಹಾಗೇ ಬಿಟ್ಟರೆ ಡಯೋಡೇ ಹಾಳಾಗುವುದೂ ಉಂಟು.

ಮೊದಲ ಮೂರು ತಿಂಗಳು ಚಿತ್ರ ಯಾಕೆ ಸರಿಯಿತ್ತು ಅಂತೀರಾ? ಕನೆಕ್ಟರಿನ ಕೊಳೆ ನಾಲ್ಕೈದು ಡಿಬಿ ತಿನ್ನುತ್ತಿತ್ತು. ಆ ಕೊಳೆಯೇ ನಮ್ಮನ್ನು ಕಾಯುತ್ತಿತ್ತು. ನಾನು ಒರೆಸಿದೆ.

ಮಾರ್ಚ್‌ನ ಒಂದು ರಾತ್ರಿ ಹೊಂಡ ಕಾಯುವವ ಯಕ್ಷಗಾನದ ಆಟ ನೋಡಲು ಹೋಗಿದ್ದ. ತಪ್ಪಲ್ಲ, ನಾನೇ ಹೋಗು ಅಂದಿದ್ದೆ, ಕ್ಯಾಮೆರಾ ಉಂಟಲ್ಲ ಅಂತ. ಎರಡು ಗಂಟೆ ಕಳೆದ ಮೇಲೆ ಯಾವಾಗಲೋ ಒಂದು ಫೇಸ್ ಹೋಯಿತು. ಏರಿಯೇಟರುಗಳೆಲ್ಲ ತ್ರೀ ಫೇಸ್ ಮೋಟಾರು, ಟ್ರಿಪ್ ಆದವು. ಕ್ಯಾಮೆರಾ ಮತ್ತು ಪೆಟ್ಟಿಗೆ ಬೇರೆ ಫೇಸಿನಲ್ಲಿದ್ದವು, ಅವಕ್ಕೆ ಕರೆಂಟ್ ಇತ್ತು. ಮೂರೂವರೆಗೆ ನನಗೆ ಎಚ್ಚರವಾಗಿ ಕೇಳಿದಾಗ ಅಪ್ಪಯ್ಯ ಮಾಳಿಗೆಗೆ ಹೋಗಿ ನೋಡಿ ಬಂದು "ಚಕ್ರ ತಿರಗ್ತಾ ಇತ್ತ್ ಮರಾಯ, ಮನಿಕೊ" ಅಂದರು. ಪರದೆಯ ಮೇಲೆ ಚಕ್ರದ ಸುತ್ತ ಬಿಳಿ ನೊರೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಮೂಲೆಯ ಗಡಿಯಾರ 2:17ಕ್ಕೆ ನಿಂತಿತ್ತು. ಬರೀ ಚಿತ್ರ ನಿಂತಿತ್ತು, ಅಷ್ಟೆ. ಅಪ್ಪಯ್ಯ ನೊರೆ ನೋಡಿದರು, ಗಡಿಯಾರ ನೋಡಲಿಲ್ಲ. ನಾನಾಗಿದ್ದರೂ ನೋಡುತ್ತಿರಲಿಲ್ಲ.

ಎಷ್ಟು ಹೋಯಿತು ಅಂತ ಇಲ್ಲಿ ಬರೆಯುವುದಿಲ್ಲ. ಎರಡು ಹೊಂಡ, 70 ದಿನ ದಾಟಿದ್ದ ಸಿಗಡಿ. ಉಳಿದದ್ದಕ್ಕೆ ಐಸ್ ಹಾಕಿ ಸಿಕ್ಕಿದ ರೇಟಿಗೆ ಕೊಟ್ಟೆವು.

ಲೈನಿನ ಕಾಯಿಲೆ ಕಂಡುಹಿಡಿದದ್ದು ಸುರತ್ಕಲ್‌ನಲ್ಲಿ ಓದುತ್ತಿದ್ದ ಅಕ್ಕನ ಮಗ. ಮಾಡ್ಯೂಲಿನ ಕಾಗದ ಓದಿದ, ಏನೂ ಹೇಳದೆ ಪೆಟ್ಟಿಗೆಗೆ ಸಿಕ್ಕಿಸುವ ಗಿಡ್ಡ ಫೈಬರ್ ತುಂಡನ್ನು (ಪ್ಯಾಚ್ ಕಾರ್ಡ್) ನನ್ನ ಪೆನ್ನಿಗೆ ನಾಲ್ಕು ಸುತ್ತು ಸುತ್ತಿದ. ಫೈಬರನ್ನು ಅಷ್ಟು ಬಿಗಿಯಾಗಿ ಬಗ್ಗಿಸಿದರೆ ಬೆಳಕು ಹೊರಗೆ ಸೋರುತ್ತದೆ, 1550ರಲ್ಲಿ ಇನ್ನೂ ಜಾಸ್ತಿ. ಪರದೆಯ ಮೇಲಿನ ಚಿತ್ರ ತಟ್ಟನೆ ಸ್ವಚ್ಛವಾಯಿತು. ಸುತ್ತು ಬಿಚ್ಚಿದ, ಒಡೆಯಿತು. ಮತ್ತೆ ಸುತ್ತಿದ, ಬಂತು. ನಾನು ಎದ್ದು ಹೊರಗೆ ಹೋದೆ.

ಆಮೇಲೆ ಎರಡೂ ತುದಿಯ ರಿಸೀವರಿಗೆ ಬೆಳಕು ಕಮ್ಮಿ ಮಾಡುವ ಒಂದೊಂದು 10 ಡಿಬಿ ಅಟೆನ್ಯುಯೇಟರ್ ಸಿಕ್ಕಿಸಿದೆವು. ಬೆರಳಿನಷ್ಟುದ್ದದ ವಸ್ತು, ಕೆಲವು ನೂರು ರೂಪಾಯಿ. ಮನೆಯ ಮಾಡ್ಯೂಲ್ ಆಗಲೇ ಸೋತಿತ್ತು, ಅದನ್ನು ಬದಲಿಸಬೇಕಾಯಿತು.

ಈಗ ನಿಮ್ಮ ಲೆಕ್ಕ. 20 ಕಿ.ಮೀ.ಯ 1310 ಮಾಡ್ಯೂಲ್ ಸಾಮಾನ್ಯವಾಗಿ ಮೈನಸ್ 9ರಿಂದ ಮೈನಸ್ 3ರ ನಡುವೆ ಕಳಿಸುತ್ತದೆ. ಕಿಲೋಮೀಟರಿಗೆ 0.35ರಂತೆ 5 ಕಿಲೋಮೀಟರಿಗೆ 1.75, ಜಾಯಿಂಟು ಕನೆಕ್ಟರು ಸೇರಿ ಇನ್ನೆರಡೂವರೆ ಅಂತಿಟ್ಟುಕೊಳ್ಳಿ. ಬಂದು ಮುಟ್ಟುವುದು ಮೈನಸ್ 7ರಿಂದ ಮೈನಸ್ 13ರ ಆಸುಪಾಸು. ರಿಸೀವರ್ ಮೈನಸ್ 20ರವರೆಗೆ ಓದಿದರೂ ಸಾಕು, ಮೇಲೂ ಕೆಳಗೂ ಜಾಗ ಇದೆ. ಮಳೆಗೂ ಇದಕ್ಕೂ ಸಂಬಂಧವಿಲ್ಲ. ಗಾಜಿನೊಳಗಿನ ಬೆಳಕು ಮಳೆಗೆ ಕಮ್ಮಿಯಾಗುವುದಿಲ್ಲ, ಜಾಯಿಂಟ್ ಡಬ್ಬಿಯೊಳಗೆ ನೀರು ಹೋದರೆ ಮಾತ್ರ ತೊಂದರೆ. ಅದಕ್ಕೆ ಡಬ್ಬಿ ಸರಿ ಮುಚ್ಚಬೇಕೇ ಹೊರತು ಲೇಸರ್ ಜೋರು ಮಾಡುವುದಲ್ಲ. ಟಿವಿ ಕೇಬಲ್‌ನವರ ಲೈನ್ ತಗೊಳ್ಳುವುದಾದರೆ ಕನೆಕ್ಟರಿನ ಬಣ್ಣ ನೋಡಿ: ಅವರದ್ದು ಹೆಚ್ಚಾಗಿ ಹಸಿರು, ತುದಿ ಎಂಟು ಡಿಗ್ರಿ ಓರೆ. ನಿಮ್ಮ ಪೆಟ್ಟಿಗೆಗೆ ನೀಲಿ. ಹಸಿರಿಗೆ ನೀಲಿ ಸಿಕ್ಕಿಸಿದರೆ ಬೆಳಕು ದಂಡ. ಉಕ್ಕಿನ ಕವಚದ ಕೇಬಲ್ ಆದರೆ ಕವಚಕ್ಕೆ ಅರ್ಥಿಂಗ್ ಮಾಡಿಸಿ, ಪೆಟ್ಟಿಗೆಯ ಒಳಗೆ ತರಬೇಡಿ. ಫೈಬರ್ ಸಿಡಿಲು ತರುವುದಿಲ್ಲ, ಕವಚ ತರುತ್ತದೆ.

ಆದರೆ ನೀವು ಕೇಳಿದ ಪ್ರಶ್ನೆಯೇ ನನಗೆ ಅಷ್ಟು ಸರಿ ಕಾಣುವುದಿಲ್ಲ. ಯಾವ ರಿಸೀವರ್ ಅಂತ ಆಮೇಲೆ ಕೇಳಿ. ರಾತ್ರಿ ಎರಡು ಗಂಟೆಗೆ ಆ ಪರದೆಯನ್ನು ಯಾರು ನೋಡುತ್ತಾರೆ, ಅದನ್ನು ಮೊದಲು ಹೇಳಿ. ನಮ್ಮಲ್ಲಿ ಯಾರೂ ನೋಡುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಚಿತ್ರವೇ ಅಲ್ಲ, ಒಂದು ಫೇಸ್ ಹೋದರೆ ಫೋನಿಗೆ ಕರೆ ಮಾಡುವ ಸಣ್ಣ ರಿಲೇ ಪೆಟ್ಟಿಗೆ. ಸಿಮ್ ಹಾಕಿದರೆ ಆಯಿತು, ಹೊಂಡದ ಬಳಿ ಮಾತಾಡುವಷ್ಟು ಸಿಗ್ನಲ್ ಮೊದಲಿಂದಲೂ ಇತ್ತು. ಈಗ ಹಾಕಿದ್ದೇವೆ. ನಿಮ್ಮದು ರಬ್ಬರು ಶೀಟು ಕದಿಯುವವರ ಕಾಟ ತಾನೇ? ಹಾಗಾದರೆ ರೆಕಾರ್ಡರನ್ನು ತೋಟದಲ್ಲೇ, ಶೀಟು ಒಣಗಿಸುವ ಹೊಗೆಮನೆಯಲ್ಲಲ್ಲ, ಬೀಗ ಹಾಕುವ ಬೇರೆ ಕೋಣೆಯಲ್ಲಿಡಿ, ಯುಪಿಎಸ್ ಕೊಡಿ. ಬಾಗಿಲಿಗೊಂದು ಸೆನ್ಸರ್ ಹಾಕಿ, ಅದು ಫೋನಿಗೆ ಹೊಡೆಯಲಿ. ಅಷ್ಟಾದ ಮೇಲೂ ಐದು ಕಿಲೋಮೀಟರ್ ಫೈಬರ್ ಎಳೆದು ಆರು ಕ್ಯಾಮೆರಾದ ಚಿತ್ರ ಮನೆಗೆ ಬೇಕೇ ಬೇಕು ಅನಿಸಿದರೆ ಎಳೆಯಿರಿ, ನಾನು ಬೇಡ ಅನ್ನುವುದಿಲ್ಲ.

ಎಳೆಯುವುದಾದರೆ ಪೆಟ್ಟಿಗೆ ಕೊಳ್ಳುವ ಮೊದಲು ಸ್ಪ್ಲೈಸಿಂಗ್‌ನವನ ಹತ್ತಿರ ಲೈನಿನ ಲಾಸ್ ಅಳೆಸಿ, ಎಷ್ಟು ಡಿಬಿ ಅಂತ ಇಲ್ಲಿ ಕಾಮೆಂಟಿನಲ್ಲಿ ಹಾಕಿ. ಪೆಟ್ಟಿಗೆ ಕೂರಿಸಿದ ಮೇಲೆ ಎರಡೂ ತುದಿಯಲ್ಲಿ ಬಂದು ಮುಟ್ಟುವ ಬೆಳಕು ಎಷ್ಟು ಅಂತ ಮೀಟರಿನ ಫೋಟೋ ಸಮೇತ ಹಾಕಿ. ಫೋನಿನಲ್ಲಿ ಕೇಳಿಸಿಕೊಂಡು ಬರೆಯಬೇಡಿ, ಮೈನಸ್ ಚಿಹ್ನೆ ಬಿಟ್ಟುಹೋಗುತ್ತದೆ.