ಮಳೆಗಾಲ ಪೂರ್ತಿ ಶೆಡ್‌ನಲ್ಲಿ ನಿಲ್ಲುವ ಕ್ಯಾಂಪರ್ ಗಾಡಿಯ ಬ್ಯಾಟರಿ ಉಳಿಸಿಕೊಳ್ಳುವುದು ಹೇಗೆ?

ನಿಮ್ಮ ಪ್ರಶ್ನೆ ನೋಡಿದೆ. ಟ್ರಾವೆಲರ್ ವ್ಯಾನನ್ನು ಒಳಗೇ ಮಲಗಿ ಇರಬಹುದಾದ ಕ್ಯಾಂಪರ್ ಮಾಡಿಸಿಕೊಂಡಿದ್ದೀರಿ. ಜೂನ್‌ನಿಂದ ಸೆಪ್ಟೆಂಬರ್ ಮುಗಿಯೋ ತನಕ ಅದು ಹೊಸನಗರದ ಹತ್ತಿರ ಮನೆ ಶೆಡ್‌ನಲ್ಲೇ ನಿಲ್ಲುತ್ತದೆ. ಹೋದ ವರ್ಷ ಮಳೆ ಬಿಟ್ಟ ಮೇಲೆ ನೋಡಿದರೆ ಇಂಜಿನ್ ಬ್ಯಾಟರಿ, ದೀಪ ಸಾಕೆಟ್‌ಗೆ ಅಂತ ಇರುವ ಒಳಗಿನ ಬ್ಯಾಟರಿ ಎರಡೂ ಡೌನ್. ಅಮೆರಿಕದವರು ಚಳಿಗಾಲದಲ್ಲಿ ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಡುವ ವಿಡಿಯೋ ನೋಡಿ, ನಾವೂ ಹಾಗೇ ಮಾಡಬೇಕಾ ಅಂತ ಕೇಳಿದ್ದೀರಿ.

ನಾನು ತೀರ್ಥಹಳ್ಳಿ ಕಡೆಯವನು. ನಮ್ಮ ಮನೆಯ ಜೀಪು, ವ್ಯಾನು ಎರಡೂ ಮಳೆಗಾಲದಲ್ಲಿ ಹೀಗೇ ನಿಲ್ಲುತ್ತವೆ, ಸುತ್ತಮುತ್ತಲಿನವರೂ ಬ್ಯಾಟರಿ ತೊಂದರೆ ಅಂದರೆ ನನ್ನನ್ನೇ ಕರೆಯುತ್ತಾರೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಆ ವಿಡಿಯೋ ವಿಷಯ. ಅಲ್ಲಿನವರ ಹೆದರಿಕೆ ಹಿಮದ್ದು. ಬ್ಯಾಟರಿ ಖಾಲಿಯಾದಷ್ಟೂ ಒಳಗಿನ ಆಸಿಡ್ ತೆಳುವಾಗಿ ನೀರಿನಂತಾಗುತ್ತದೆ, ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗೆ ಹೋದರೆ ಹೆಪ್ಪುಗಟ್ಟಿ ಡಬ್ಬವೇ ಸೀಳಿಬಿಡಬಹುದು. ಅದೇ ಬ್ಯಾಟರಿ ಪೂರ್ತಿ ಚಾರ್ಜ್ ಇದ್ದರೆ ಅವರ ಎಂಥ ಚಳಿಗೂ ಜಗ್ಗುವುದಿಲ್ಲ. ನಮ್ಮಲ್ಲಿ ಆ ಭಯ ಇಲ್ಲವೇ ಇಲ್ಲ. ಆದರೆ ಅವರಿಗಿರುವ ಒಂದು ಅನುಕೂಲವೂ ನಮಗಿಲ್ಲ. ತಣ್ಣಗಿರುವ ಬ್ಯಾಟರಿ ತನ್ನಷ್ಟಕ್ಕೆ ಇಳಿಯುವುದು ಬಹಳ ನಿಧಾನ. ಶಾಖ ಹತ್ತು ಡಿಗ್ರಿ ಏರಿದರೆ ಇಳಿಯುವ ವೇಗ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ನಮ್ಮ ಮಳೆಗಾಲ ತಂಪು ಅನಿಸಿದರೂ ಬ್ಯಾಟರಿಯ ಲೆಕ್ಕದಲ್ಲಿ ಅದು ಬೆಚ್ಚಗಿನ ಜಾಗವೇ. ಅದಕ್ಕೇ ಅವರಿಗಿಂತ ನಾವು ಜಾಸ್ತಿ ಸಲ ನೋಡಿಕೊಳ್ಳಬೇಕು.

ಬ್ಯಾಟರಿ ಸುಮ್ನೆ ನಿಂತಿದ್ದಕ್ಕೆ ಹಾಳಾಗುವುದಿಲ್ಲ. ಅರೆ ಹೊಟ್ಟೆಯಲ್ಲಿ ನಿಂತಿದ್ದಕ್ಕೆ ಹಾಳಾಗುತ್ತದೆ. ಚಾರ್ಜ್ ಇಳಿದಾಗ ಸೀಸದ ಪ್ಲೇಟಿನ ಮೇಲೆ ಸಲ್ಫೇಟ್ ಕೂರುತ್ತದೆ. ತಡಮಾಡದೆ ಚಾರ್ಜ್ ಮಾಡಿದರೆ ಅದು ಕರಗಿ ಹೋಗುತ್ತದೆ. ವಾರಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗಿ ಕಚ್ಚಿಕೊಳ್ಳುತ್ತದೆ, ಆಮೇಲೆ ಯಾವ ಚಾರ್ಜರ್ ಹಾಕಿದರೂ ಪೂರ್ತಿ ಬಿಡುವುದಿಲ್ಲ. ನಿಮ್ಮ ಎರಡೂ ಬ್ಯಾಟರಿಗೆ ಆಗಿರುವುದು ಬಹುತೇಕ ಇದೇ.

ಹಾಗಾದರೆ ಇಳಿಸಿದ್ದು ಯಾರು? ಬ್ಯಾಟರಿ ತಾನಾಗಿಯೇ ತಿಂಗಳಿಗೆ ನೂರಕ್ಕೆ ಐದರ ಆಸುಪಾಸು ಇಳಿಯುತ್ತದೆ, ಹಳೆಯದಾದರೆ ಇನ್ನೂ ಜಾಸ್ತಿ. ಅದು ದೊಡ್ಡ ಕಳ್ಳ ಅಲ್ಲ. ದೊಡ್ಡ ಕಳ್ಳರು ಗಾಡಿಯೊಳಗೇ ಇದ್ದಾರೆ. ಕೀ ತೆಗೆದ ಮೇಲೂ ಮ್ಯೂಸಿಕ್ ಸಿಸ್ಟಮ್, ಅಲಾರಂ, ಜಿಪಿಎಸ್ ಎಲ್ಲ ಸೇರಿ 50 ಮಿಲಿ ಆಂಪಿಯರ್ ಎಳೆಯುತ್ತಿದ್ದರೆ ದಿನಕ್ಕೆ 1.2 ಎಎಚ್ (ಆಂಪಿಯರ್ ಅವರ್, ಅಂದರೆ ಬ್ಯಾಟರಿಯಲ್ಲಿರುವ ಚಾರ್ಜಿನ ಅಳತೆ), ತಿಂಗಳಿಗೆ 36 ಎಎಚ್ ಹೋಯಿತು. 80 ಎಎಚ್ ಬ್ಯಾಟರಿ ಒಂದೇ ತಿಂಗಳಿಗೆ ಅರ್ಧದ ಹತ್ತಿರ. ಒಳಗಿನ ಬ್ಯಾಟರಿಯ ಕಥೆ ಇನ್ನೂ ಕಷ್ಟ. ಮಿಕ್ಸಿ, ಲ್ಯಾಪ್‌ಟಾಪ್‌ಗೆ ಅಂತ ಹಾಕಿಸಿರುವ ಇನ್ವರ್ಟರ್ ಆನ್‌ನಲ್ಲೇ ಉಳಿದರೆ, ಅದಕ್ಕೆ ಏನೂ ಚುಚ್ಚದೆ ಇದ್ದರೂ ಸುಮಾರು ಒಂದು ಆಂಪಿಯರ್ ತಿನ್ನುವುದು ಸಾಮಾನ್ಯ. ದಿನಕ್ಕೆ 24 ಎಎಚ್! 100 ಎಎಚ್ ಬ್ಯಾಟರಿ ಒಂದು ವಾರ ಕೂಡ ತಡೆಯುವುದಿಲ್ಲ. ಮಂಚದ ಪಕ್ಕ ಯುಎಸ್‌ಬಿ ಸಾಕೆಟ್‌ನ ನೀಲಿ ದೀಪ, ಗ್ಯಾಸ್ ಸೋರಿಕೆ ಅಲಾರಂ, ಇವೂ ಅದೇ ಸಾಲಿಗೆ ಸೇರುತ್ತವೆ.

ಅದಕ್ಕೆ ಗಾಡಿ ನಿಲ್ಲಿಸುವ ದಿನ ಸ್ವಿಚ್ ಆಫ್ ಮಾಡಿದರೆ ಸಾಲದು, ಎರಡೂ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಬಿಡಿ. ಬಿಚ್ಚುವಾಗ ನೆಗೆಟಿವ್ ಮೊದಲು, ಮತ್ತೆ ಹಾಕುವಾಗ ನೆಗೆಟಿವ್ ಕೊನೆಗೆ. ಪಾಸಿಟಿವ್ ಮೇಲಿರುವ ಸ್ಪ್ಯಾನರ್ ಗಾಡಿಯ ಲೋಹದ ಮೈಗೆ ತಾಗಿದರೆ ಕಿಡಿ ಹಾರುತ್ತದೆ, ಅದಕ್ಕೇ ಈ ಕ್ರಮ. ಒಳಗಿನ ಬ್ಯಾಟರಿಗೆ ಸೋಲಾರ್ ಕಂಟ್ರೋಲರ್ ಇದ್ದರೆ ಮೊದಲು ಪ್ಯಾನಲ್ ಕಡೆಯ ವೈರ್ ತೆಗೆದು ಆಮೇಲೆ ಬ್ಯಾಟರಿ ಬಿಚ್ಚಿ. ಪದೇ ಪದೇ ಬಿಚ್ಚುವುದು ಬೇಜಾರು ಅನಿಸಿದರೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಹೋದಾಗ ಒಂದು ಕಟ್ ಆಫ್ ಸ್ವಿಚ್ ಹಾಕಿಸಿಕೊಳ್ಳಿ, ದುಡ್ಡು ದಂಡ ಆಗುವುದಿಲ್ಲ.

ನಮ್ಮ ಕಡೆ ಎಲ್ಲರೂ ಮಾಡುವ ಒಂದು ಕೆಲಸದ ಬಗ್ಗೆ ಹೇಳಲೇಬೇಕು. ವಾರಕ್ಕೊಮ್ಮೆ ಸೆಲ್ಫ್ ಹೊಡೆದು ಹತ್ತು ನಿಮಿಷ ಇಂಜಿನ್ ಓಡಿಸಿ ಆಫ್ ಮಾಡುವುದು. ದಯವಿಟ್ಟು ಇದನ್ನೇ ನಂಬಿಕೊಂಡು ಕೂರಬೇಡಿ. ಸೆಲ್ಫ್ ಎಳೆದಷ್ಟು ಚಾರ್ಜ್ ಬೇಗ ವಾಪಸ್ ಬರುತ್ತದೆ ನಿಜ. ಆದರೆ ವಾರವಿಡೀ ಇಳಿದ ಎಂಟು ಎಎಚ್ ಆ ಹತ್ತು ನಿಮಿಷದಲ್ಲಿ ಬರುವುದಿಲ್ಲ, ಗಾಡಿ ನಿಂತಲ್ಲೇ ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೊಡುವುದೇ ಕಡಿಮೆ. ಬ್ಯಾಟರಿಯ ಕೊನೆಯ ಕಾಲು ಭಾಗ ತುಂಬುವುದಕ್ಕಂತೂ ಗಂಟೆಗಟ್ಟಲೆ ಬೇಕು. ಮೇಲೆ, ಇಂಜಿನ್ ಸರಿಯಾಗಿ ಬಿಸಿಯಾಗದೆ ಸೈಲೆನ್ಸರ್ ಒಳಗೆ ನೀರು ನಿಲ್ಲುತ್ತದೆ. ನಮ್ಮ ಪಕ್ಕದ ಮನೆಯಲ್ಲಿ ಪ್ರತಿ ಭಾನುವಾರ ತಪ್ಪದೆ ಪಿಕಪ್ ಸ್ಟಾರ್ಟ್ ಮಾಡುತ್ತಾರೆ. ಆಶ್ಲೇಷ ಮಳೆ ಹೊತ್ತಿಗೆ ನಾನು ಮೀಟರ್ ಹಿಡಿದು ನೋಡಿದಾಗ 12.1 ವೋಲ್ಟ್ ತೋರಿಸಿತು. ಗಾಡಿ ಸ್ಟಾರ್ಟ್ ಆಗುತ್ತಿತ್ತು, ಬ್ಯಾಟರಿ ಮಾತ್ರ ಅರ್ಧಕ್ಕಿಂತ ಕೆಳಗಿತ್ತು. ಸ್ಟಾರ್ಟ್ ಆಯಿತು ಅಂದ ಮಾತ್ರಕ್ಕೆ ಬ್ಯಾಟರಿ ಚೆನ್ನಾಗಿದೆ ಅಂತ ಅಲ್ಲ.

ಹಾಗಾಗಿ ಮೊದಲು ವೋಲ್ಟ್ ಅಳೆಯುವ ಒಂದು ಡಿಜಿಟಲ್ ಮಲ್ಟಿಮೀಟರ್ ತಗೊಳ್ಳಿ. ಸೀಸದ ಬ್ಯಾಟರಿಗೆ 12.6ರಿಂದ 12.7 ಅಂದರೆ ಪೂರ್ತಿ, 12.4 ಅಂದರೆ ಮುಕ್ಕಾಲು, 12.2 ಅರ್ಧ, 12.0ಕ್ಕೆ ಬಂದರೆ ಕಾಲು ಭಾಗ ಮಾತ್ರ ಉಳಿದಿದೆ. ಚಾರ್ಜರ್ ತೆಗೆದ ಕೂಡಲೇ ನೋಡಬೇಡಿ, 13ಕ್ಕಿಂತ ಮೇಲೆ ತೋರಿಸಿ ಮೋಸ ಮಾಡುತ್ತದೆ. ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ಕೆಲವು ಬ್ಯಾಟರಿಯ ಮೇಲೆ ಹಸಿರು ಕಣ್ಣು ಇರುತ್ತದಲ್ವಾ, ಅದು ಆರು ಸೆಲ್‌ಗಳಲ್ಲಿ ಒಂದರದ್ದು ಮಾತ್ರ ಹೇಳುತ್ತದೆ, ಅದನ್ನು ನಂಬಿ ಕೂರುವ ಹಾಗಿಲ್ಲ.

ನನ್ನ ಕ್ರಮ ಹೀಗಿದೆ. ಮೃಗಶಿರ ಹಿಡಿಯುವ ಮೊದಲು ಪೂರ್ತಿ ಚಾರ್ಜ್ ಮಾಡಿ ನೆಗೆಟಿವ್ ಬಿಚ್ಚುತ್ತೇನೆ. ಆಮೇಲೆ ಎರಡು ಮಳೆಗೆ ಒಂದು ಸಲ ಮೀಟರ್. ಒಂದೊಂದು ಮಳೆ ನಕ್ಷತ್ರ ಹದಿಮೂರು ಹದಿನಾಲ್ಕು ದಿನ ಅಲ್ವಾ, ಹಾಗಾಗಿ ತಿಂಗಳಿಗೆ ಒಮ್ಮೆ ಅಂತಾಯಿತು. ಮನೆಯಲ್ಲಿ ಕ್ಯಾಲೆಂಡರ್ ಮುಂದೆ ಹೇಗೂ ಯಾವ ಮಳೆ ಅಂತ ಮಾತು ನಡೆಯುತ್ತಲೇ ಇರುವುದರಿಂದ ಮರೆಯುವುದಿಲ್ಲ. 12.4 ತೋರಿಸಿದರೆ ಆವತ್ತೇ ಚಾರ್ಜ್‌ಗೆ ಹಾಕುತ್ತೇನೆ, ಮುಂದಿನ ಸಲಕ್ಕೆ ಅಂತ ಬಿಡುವುದಿಲ್ಲ. ಚಾರ್ಜಿಂಗ್ ಆಂಪಿಯರ್ ಬ್ಯಾಟರಿಯ ಎಎಚ್‌ನ ಹತ್ತನೇ ಒಂದು ಇದ್ದರೆ ಸಾಕು, 80ಕ್ಕೆ 8.

ಆಟೋಮ್ಯಾಟಿಕ್ ಚಾರ್ಜರ್ ತಂದು ಸದಾ ಹಾಕಿಯೇ ಇಡಬಹುದಾ? ಇಡಬಹುದು, ಪೂರ್ತಿ ಆದ ಮೇಲೆ 13.5 ವೋಲ್ಟ್ ಆಸುಪಾಸಿಗೆ ಇಳಿದು ನಿಲ್ಲುವಂಥದ್ದಾದರೆ ತೊಂದರೆ ಇಲ್ಲ. ಆದರೆ ನಮ್ಮೂರಿನ ಕರೆಂಟು ಗೊತ್ತಲ್ಲ, ಮರ ಬಿದ್ದು ತಂತಿ ಹರಿದರೆ ಎರಡು ಮೂರು ದಿನ ಬರುವುದಿಲ್ಲ. ಕೆಲವು ಚಾರ್ಜರ್‌ಗಳು ಕರೆಂಟು ಹೋಗಿ ಬಂದ ಮೇಲೆ ತಾವಾಗಿ ಶುರುವಾಗುವುದಿಲ್ಲ, ಯಾರಾದರೂ ಬಟನ್ ಒತ್ತಬೇಕು. ಇನ್ನು ಕೆಲವು ಕರೆಂಟಿಲ್ಲದಾಗ ಬ್ಯಾಟರಿಯಿಂದಲೇ ಸ್ವಲ್ಪ ಸ್ವಲ್ಪ ಹೀರುತ್ತವೆ. ಕೊಳ್ಳುವಾಗ ಅಂಗಡಿಯಲ್ಲೇ ಪ್ಲಗ್ ಕಿತ್ತು ಮತ್ತೆ ಹಾಕಿ ನೋಡಿ. ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನ ಗುಡುಗು ಮಳೆಯಲ್ಲಂತೂ ಚುಚ್ಚಿ ಬಿಡಲೇಬೇಡಿ, ಸಿಡಿಲಿಗೆ ಚಾರ್ಜರ್ ಜೊತೆಗೆ ಬೇರೆಯದೂ ಸುಟ್ಟುಹೋದೀತು.

ಗಾಡಿಯ ಮೇಲಿನ ಸೋಲಾರ್ ಪ್ಯಾನಲ್ ಶೆಡ್ ಒಳಗೆ ದಂಡ. ಶೆಡ್ ಹೊರಗೆ, ಅಡಿಕೆ ಮರದ ನೆರಳು ಬೀಳದ ಕಡೆ 20 ವ್ಯಾಟಿನ ಒಂದು ಸಣ್ಣ ಪ್ಯಾನಲ್, ಕಂಟ್ರೋಲರ್ ಹಾಕಿದರೆ ಮೋಡದ ಬೆಳಕಿನಲ್ಲೂ ಬ್ಯಾಟರಿ ತಾನಾಗಿ ಇಳಿಯುವಷ್ಟನ್ನು ಅದು ತುಂಬಿಕೊಡುತ್ತದೆ. ಇಳಿದ ಬ್ಯಾಟರಿಯನ್ನು ಮೇಲೆತ್ತುವ ಶಕ್ತಿ ಮಾತ್ರ ಜುಲೈ ತಿಂಗಳಲ್ಲಿ ಅದಕ್ಕಿಲ್ಲ.

ನನಗೆ ಬಹಳ ಇಷ್ಟವಾದ ದಾರಿ ಬೇರೆಯೇ ಇದೆ. ನಿಮ್ಮ ಒಳಗಿನ ಬ್ಯಾಟರಿ ಮನೆ ಇನ್ವರ್ಟರ್‌ಗೆ ಹಾಕುವಂಥ 100ರಿಂದ 150 ಎಎಚ್‌ನ ಟ್ಯೂಬುಲರ್ ಆಗಿದ್ದು, ಮನೆಯಲ್ಲೂ ಒಂದೇ ಬ್ಯಾಟರಿಯ ಇನ್ವರ್ಟರ್ ಇದ್ದರೆ, ಮಳೆಗಾಲದಲ್ಲಿ ಅದಕ್ಕೂ ಕೆಲಸ ಕೊಡಿ. ಒಂದು ಮಳೆಗೆ ಮನೆಯದ್ದು, ಮುಂದಿನ ಮಳೆಗೆ ಗಾಡಿಯದ್ದು. ಬದಲಾಯಿಸುವ ದಿನ ಕರೆಂಟು ಇದ್ದು ಬ್ಯಾಟರಿ ಪೂರ್ತಿ ತುಂಬಿರುವಾಗಲೇ ಬಿಚ್ಚಿ. ಎರಡನ್ನೂ ಒಟ್ಟಿಗೆ ಜೋಡಿಸಬೇಡಿ, ಹಳತು ಹೊಸತನ್ನು ಕೆಳಗೆ ಎಳೆಯುತ್ತದೆ. ಇನ್ವರ್ಟರ್ ಹಿಂದೆ ಬ್ಯಾಟರಿಯ ಬಗೆ ಆರಿಸಲು ಟ್ಯೂಬುಲರ್, ಫ್ಲಾಟ್, ಎಸ್‌ಎಮ್‌ಎಫ್ (ನೀರು ಹಾಕದ ಸೀಲ್ ಬ್ಯಾಟರಿ) ಅಂತ ಸ್ವಿಚ್ ಇದ್ದರೆ ಸರಿಯಾದದ್ದಕ್ಕೆ ಇಡಿ. ಎರಡೂ ಚಾರ್ಜ್‌ನಲ್ಲಿರುತ್ತವೆ, ಬೇರೆ ಚಾರ್ಜರ್ ಖರ್ಚೂ ಇಲ್ಲ. ಇಂಜಿನ್ ಬ್ಯಾಟರಿಗೆ ಈ ಕೆಲಸ ಕೊಡಬೇಡಿ, ಅದರ ಪ್ಲೇಟು ತೆಳು, ಆಳಕ್ಕೆ ಇಳಿಸಿದರೆ ಬೇಗ ಸಾಯುತ್ತದೆ.

ಬಿಚ್ಚಿ ಮನೆಗೆ ತಂದರೆ ಜಗುಲಿಯ ಮೂಲೆ ಒಳ್ಳೆಯ ಜಾಗ. ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಬರುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. ಬಚ್ಚಲೊಲೆ ಹತ್ತಿರ, ದೇವರ ಮನೆ ಹತ್ತಿರ ಬೇಡವೇ ಬೇಡ. ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ನೆಲಕ್ಕೆ ಇಳಿದುಹೋಗುತ್ತದೆ ಅನ್ನುವುದು ಈಗಿನ ಪ್ಲಾಸ್ಟಿಕ್ ಡಬ್ಬದ ಬ್ಯಾಟರಿಗೆ ಸುಳ್ಳು. ಆದರೂ ಥಂಡಿ ತಾಗದಿರಲಿ ಅಂತ ಒಂದು ಹಲಗೆ ಹಾಕಿ.

ನೀರು ಹಾಕುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಹೆಂಚಿನಿಂದ ಇಳಿದ ಮಳೆ ನೀರು ಶುದ್ಧ ಅಂತ ಹಾಕುವವರು ನಮ್ಮ ಕಡೆ ಇನ್ನೂ ಇದ್ದಾರೆ, ಆ ನೀರಲ್ಲಿ ಪಾಚಿ, ಧೂಳು ಎಲ್ಲ ಇರುತ್ತದೆ. ಚಾರ್ಜ್ ಪೂರ್ತಿಯಾದ ಮೇಲೆ ಗುರುತಿನ ತನಕ ತುಂಬಿ. ಪ್ಲೇಟು ಹೊರಗೆ ಕಾಣುತ್ತಿದ್ದರೆ ಮಾತ್ರ ಅದು ಮುಳುಗುವಷ್ಟು ಮೊದಲೇ ಹಾಕಿ. ಆಸಿಡ್ ಸೇರಿಸಲು ಹೋಗಬೇಡಿ.

ನಮ್ಮ ಥಂಡಿಗೆ ಟರ್ಮಿನಲ್ ಕಿಲುಬುವುದು ಬೇಗ. ಬಿಳಿ, ತಿಳಿ ಹಸಿರು ಪುಡಿ ಕ್ಲಾಂಪಿನ ಅಡಿಯಿಂದ ಹೂ ಬಿಟ್ಟ ಹಾಗೆ ಎದ್ದು ಬರುತ್ತದೆ. ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ, ಅಡುಗೆ ಸೋಡಾ ಕಲಸಿದ ನೀರನ್ನು ಹಳೆ ಟೂತ್ ಬ್ರಷ್‌ನಲ್ಲಿ ಹಚ್ಚಿದರೆ ಬುರುಬುರು ನೊರೆ ಬಂದು ಬಿಡುತ್ತದೆ. ಆ ನೀರು ಮುಚ್ಚಳದ ತೂತಿನಿಂದ ಒಳಗೆ ಹೋಗದಂತೆ ನೋಡಿಕೊಳ್ಳಿ. ಒರೆಸಿ ಒಣಗಿಸಿ, ಮೇಲೆ ತೆಳುವಾಗಿ ವ್ಯಾಸಲೀನ್ ಸವರಿ. ಬ್ಯಾಟರಿಯ ತಲೆಯನ್ನೂ ಒರೆಸಿ ಇಡಿ, ಒದ್ದೆ ಕೊಳೆಯ ಮೇಲೆಯೂ ಸಣ್ಣಗೆ ಕರೆಂಟು ಹರಿಯುತ್ತದೆ. ಹಾಗೇ ಬಾನೆಟ್ ಎತ್ತಿದಾಗಲೆಲ್ಲ ಇಲಿ ನೋಡಿ. ಶೆಡ್ ಪಕ್ಕ ಭತ್ತ, ಹಿಂಡಿ ಚೀಲ ಇದ್ದರೆ ಅವು ಬ್ಯಾಟರಿ ಮೇಲೇ ಗೂಡು ಕಟ್ಟಿ ವೈರಿನ ಸಿಪ್ಪೆ ಸುಲಿದಿರುತ್ತವೆ, ಹಾಗೇ ನೆಗೆಟಿವ್ ಸಿಕ್ಕಿಸಿದರೆ ಶಾರ್ಟ್ ಆಗುತ್ತದೆ.

ನಿಮ್ಮ ಒಳಗಿನ ಬ್ಯಾಟರಿ ಲಿಥಿಯಂ ಆಗಿದ್ದರೆ ಮೇಲಿನದ್ದು ಬಹಳಷ್ಟು ಅನ್ವಯಿಸುವುದಿಲ್ಲ. ಅದನ್ನು ಪೂರ್ತಿ ತುಂಬಿಸಿಡುವುದು ಬೇಡ, ಅರ್ಧದಿಂದ ಸ್ವಲ್ಪ ಮೇಲೆ ಇಟ್ಟು, ವೈರ್ ಬಿಚ್ಚಿ, ಎರಡು ತಿಂಗಳಿಗೊಮ್ಮೆ ನೋಡಿದರೆ ಸಾಕು. ತಿಂಗಳುಗಟ್ಟಲೆ ಚಾರ್ಜರ್‌ನಲ್ಲಿ ಬಿಡಬೇಡಿ. ಲಿಥಿಯಂ ಮೋಡ್ ಇಲ್ಲದ ಮನೆ ಇನ್ವರ್ಟರ್‌ಗೂ ಅದನ್ನು ಸಿಕ್ಕಿಸಬೇಡಿ.

ಈಗ ನಿಮ್ಮ ಹಳೆಯ ಎರಡು ಬ್ಯಾಟರಿ. ಸೀಸದ್ದೇ ಆದರೆ, ಎಸೆಯುವ ಮೊದಲು ಒಮ್ಮೆ ಕಡಿಮೆ ಆಂಪಿಯರ್‌ನಲ್ಲಿ ಒಂದು ದಿನ ಪೂರ್ತಿ ಚಾರ್ಜ್ ಹಾಕಿ, ಒಂದು ರಾತ್ರಿ ಬಿಟ್ಟು ನೋಡಿ. ಚಾರ್ಜ್ ಆಗುವಾಗ ಡಬ್ಬ ಕೈ ಇಡಲಾಗದಷ್ಟು ಬಿಸಿಯಾದರೆ ಅಥವಾ ಉಬ್ಬಿದ್ದರೆ ತಕ್ಷಣ ನಿಲ್ಲಿಸಿ. 12.5ರ ಮೇಲೆ ನಿಂತರೆ ಬ್ಯಾಟರಿ ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ, ಅದರಲ್ಲೂ ಪಾಸಾದರೆ ಇನ್ನೊಂದಿಷ್ಟು ಕಾಲ ಓಡಿಸಬಹುದು. 10.5ರ ಹತ್ತಿರವೇ ನಿಂತುಬಿಟ್ಟರೆ ಒಂದು ಸೆಲ್ ಹೋಗಿದೆ ಅಂತ ಲೆಕ್ಕ, ಎಕ್ಸ್‌ಚೇಂಜ್‌ಗೆ ಕೊಡಿ, ಸೀಸದ ತೂಕಕ್ಕೆ ಬೆಲೆ ಸಿಗುತ್ತದೆ. ಎರಡರ ಮೇಲಿನ ಸ್ಟಿಕ್ಕರ್‌ನಲ್ಲಿ ಏನಿದೆ, ಮೀಟರ್ ಎಷ್ಟು ತೋರಿಸಿತು ಅಂತ ಇಲ್ಲೇ ಕೆಳಗೆ ಬರೆಯಿರಿ, ಯಾವ ಚಾರ್ಜರ್ ಸಾಕಾಗುತ್ತದೆ ಅಂತ ಹೇಳುತ್ತೇನೆ.