ಕಲ್ಲು ಸಕ್ಕರೆಯಾಗುವ ತನಕ

ಶಿಡ್ಲಘಟ್ಟದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಎಂಟು ವರ್ಷದಲ್ಲಿ ಮೂವರು ಗುರುಗಳನ್ನು ನೋಡಿದೆ. ಒಬ್ಬರು ಕಾಣಿಕೆಯ ಲೆಕ್ಕ ಹೇಳಿದರು, ಇನ್ನೊಬ್ಬರಿಗೆ ಪುರುಸೊತ್ತಿಲ್ಲ, ಮೂರನೆಯವರು ಎಲ್ಲರೆದುರು ಗದರಿದರು. ನಿಜವಾದ ಗುರುವಿನ ಲಕ್ಷಣವೇನು?"

ಮೇಷ್ಟ್ರೇ, ಕಾಣಿಕೆಯ ಲೆಕ್ಕ ಹೇಳಿದವರನ್ನು ಬಿಟ್ಟಿರಿ, ಒಳ್ಳೆಯದೇ ಆಯಿತು. ಗುರು ಶ್ರೋತ್ರಿಯನೂ ಬ್ರಹ್ಮನಿಷ್ಠನೂ, ಅಂದರೆ ವೇದ ಬಲ್ಲವನೂ ಬ್ರಹ್ಮದಲ್ಲಿ ನೆಲೆ ನಿಂತವನೂ ಆಗಿರಬೇಕು ಎನ್ನುತ್ತದೆ ಮುಂಡಕೋಪನಿಷತ್ತು. ಆದರೆ ಅದೇ ಮಂತ್ರ ಶಿಷ್ಯನ ಕೈಗೆ ಸಮಿತ್ತನ್ನೂ ಕೊಟ್ಟಿದೆ. ಗುರುವಿನ ಅಗ್ನಿಗೆ ಕಟ್ಟಿಗೆ ಹೊತ್ತು ಹೋಗಬೇಕಾದವನು ಶಿಷ್ಯ. ನಿಮ್ಮ ಎರಡು ಪುಟದ ಪತ್ರದಲ್ಲಿ ಆ ಕಟ್ಟಿಗೆಯ ಸುದ್ದಿಯೇ ಇಲ್ಲ.

ಕೈವಾರ ನಿಮಗೇನೂ ದೂರವಲ್ಲ. ಅಲ್ಲಿನ ಸಂತಕವಿ ನಾರೇಯಣ ತಾತಯ್ಯ ಮೊದಲು ಬಳೆ ಮಾರುತ್ತಿದ್ದವರು. ಗುರು ಪರದೇಶಿ ಸ್ವಾಮಿಗಳು ಅವರಿಗೊಂದು ಕಲ್ಲು ಕೊಟ್ಟು, ಬಾಯಲ್ಲಿಟ್ಟುಕೊಂಡು ಇದು ಕಲ್ಲುಸಕ್ಕರೆಯಾಗುವ ತನಕ 'ಓಂ ನಮೋ ನಾರಾಯಣಾಯ' ಎಂಬ ಅಷ್ಟಾಕ್ಷರಿ ಮಂತ್ರ ಜಪಿಸು ಎಂದರಂತೆ. ಕಲ್ಲು ಎಲ್ಲಾದರೂ ಕರಗೀತೇ ಎಂದು ತಾತಯ್ಯ ಕೇಳಿದ್ದನ್ನು ನಾನಂತೂ ಯಾರ ಬಾಯಲ್ಲೂ ಕೇಳಿಲ್ಲ. ಗವಿಯಲ್ಲಿ ಕೂತರು, ಜಪಿಸಿದರು.

ಪ್ರಶ್ನೆಯೇ ಕೂಡದು ಅಂತಲ್ಲ. ಗೀತೆ ಪ್ರಣಿಪಾತ (ಅಡ್ಡಬೀಳುವುದು), ಪರಿಪ್ರಶ್ನೆ (ಕೇಳಿ ತಿಳಿಯುವುದು), ಸೇವೆ ಮೂರನ್ನೂ ಒಟ್ಟಿಗೇ ಹೇಳುತ್ತದೆ. ರಾಮಾನುಜರು ಮಂತ್ರಕ್ಕಾಗಿ ಶ್ರೀರಂಗದಿಂದ ತಿರುಕೋಷ್ಟಿಯೂರಿನ ಗುರುವಿನ ಬಳಿಗೆ 18 ಸಲ ನಡೆದರೆಂಬುದು ಪರಂಪರೆಯ ಮಾತು. ಸಿಕ್ಕಿದ ಮಂತ್ರವನ್ನು ಗುರುವಿನ ಅಪ್ಪಣೆ ಮೀರಿ ಊರಿಗೆಲ್ಲ ಸಾರಿದರು. ಗುರು ಕೊನೆಗೆ ಅಪ್ಪಿಕೊಂಡರು. ಗುರುವಿನ ಮಾತು ಮೀರುವ ಯೋಗ್ಯತೆಯೂ ಆ 18 ಸಲದ ನಡಿಗೆಯಿಂದಲೇ ಬಂದದ್ದು ಎಂದು ನಾನು ನಂಬಿದ್ದೇನೆ.

ನಮ್ಮೂರ ಭಜನೆಮನೆಯಲ್ಲಿ ತತ್ವಪದ ಕಲಿಸುತ್ತಿದ್ದ ಅಜ್ಜ ನನಗೆ ಒಂದು ವರ್ಷ ಹಾರ್ಮೋನಿಯಂ ಮುಟ್ಟಲು ಬಿಡಲಿಲ್ಲ. ತಾಳ ಕೊಟ್ಟು ಮೂಲೆಯಲ್ಲಿ ಕೂರಿಸಿದರು. ಲಯ ತಪ್ಪಿದರೆ ಪದ ನಿಲ್ಲಿಸಿ, ಎಲ್ಲರೆದುರೇ ಬೈಗುಳ. ಒಂದು ರಾತ್ರಿ ಲಾಟೀನು ಹತ್ತಿರ ತಂದು ನನ್ನ ತೋರುಬೆರಳು ಹಿಡಿದು ನೋಡಿದರು. ತಾಳದ ದಾರ ಉಜ್ಜಿ ಉಜ್ಜಿ ಅಲ್ಲಿ ಜಡ್ಡುಗಟ್ಟಿತ್ತು. "ಈಗ ಬಾರಪ್ಪ, ಪಕ್ಕದಲ್ಲಿ ಕೂತ್ಕೋ" ಅಂದರು. ಅವರು ಹೋಗಿ ಎಷ್ಟೋ ವರ್ಷವಾಯಿತು. ಆ ಜಡ್ಡು ಇನ್ನೂ ಇದೆ.

ಇವತ್ತು ಸಂಗೀತದ ಮೇಷ್ಟ್ರ ಮನೆ ಬಾಗಿಲಲ್ಲೇ ನಿಂತು "ಸ್ಟೇಜ್ ಹತ್ತೋಕೆ ಎಷ್ಟು ತಿಂಗಳು ಬೇಕು ಸಾರ್" ಎಂದು ಕೇಳುತ್ತಾರೆ. ಮಗುವನ್ನು ಗದರಿದರೆ ಶಾಲೆಗೇ ಜಗಳಕ್ಕೆ ಬರುತ್ತಾರೆ. ಅದನ್ನು ನೀವೂ ಅನುಭವಿಸಿರುತ್ತೀರಿ, ಮೇಷ್ಟ್ರೇ. ಅಂಗಡಿ ಬದಲಾಯಿಸಿದಂತೆ ಗುರುವನ್ನು ಬದಲಾಯಿಸುತ್ತಾ ಹೋದರೆ ಯಾರ ಕಲ್ಲು ಕರಗೀತು?

ಮೂರನೆಯವರು ಗದರಿದರು ಅಂದಿರಿ. ಯಾವ ಮಾತಿಗೆ ಗದರಿದರು ಎಂಬುದನ್ನು ಬರೆದೇ ಇಲ್ಲ. ಮುಂದಿನ ಪತ್ರದಲ್ಲಿ ಅದನ್ನು ಬರೆಯಿರಿ.