ನಾಡಿ ನೋಡಿಸಿದ್ದಾಯ್ತು, ಈಗ ಸ್ಕ್ಯಾನ್ ಮಾಡಿಸಿ

ತಂಗಿ, ಚೀನಾದ ಈ ಸುಝೌನಲ್ಲಿ ಬಾಡಿಗೆ ಎಷ್ಟು, ತೊಗರಿಬೇಳೆ ಎಲ್ಲಿ ಸಿಗುತ್ತೆ, ಚಳಿಗೆ ಏನು ತರಬೇಕು ಅಂತೆಲ್ಲ ಕೇಳಿದ್ದೀರಿ, ಅದನ್ನು ಆಮೇಲೆ ಬರೀತೀನಿ. ಕೊನೆಯಲ್ಲಿ ಸುಮ್ಮನೆ ಸೇರಿಸಿದ ಹಾಗೆ ಇನ್ನೊಂದು ಮಾತು ಬರೆದಿದ್ದೀರಲ್ಲ, ಮೊದಲು ಅದು. ಮುಟ್ಟು ತಪ್ಪಿದೆ, ಓನರ್ ಆಂಟಿ ಕರ್ಕೊಂಡು ಹೋದ ಚೀನೀ ವೈದ್ಯರು ನಾಡಿ ಹಿಡಿದು ‘ಬಸುರಿ, ಎಲ್ಲ ಸರಿಯಾಗಿದೆ’ ಅಂದರು. ಆದರೆ ಎಡಗಡೆ ಕಿಬ್ಬೊಟ್ಟೆ ಚುಚ್ಚುತ್ತೆ, ಸ್ವಲ್ಪ ಕಂದು ಕಲೆ ಕಾಣ್ತಿದೆ, ಒಂದು ವಾರ ನೋಡಲಾ ಅಂತ. ನೋಡಬೇಡಿ. ಇವತ್ತೇ ಆಸ್ಪತ್ರೆಗೆ ಹೋಗಿ.

ಆ ವೈದ್ಯರನ್ನು ಹೀಯಾಳಿಸುತ್ತಿಲ್ಲ. ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ಮೊದಲು ಹಗುರವಾಗಿ, ಆಮೇಲೆ ಒತ್ತಿ ನೋಡ್ತಾರೆ. ತಟ್ಟೆಯಲ್ಲಿ ಮುತ್ತು ಉರುಳಿದ ಹಾಗೆ ಜಾರುವ ನಾಡಿ ಸಿಕ್ಕರೆ ‘ಹ್ವಾ ಮಾಯ್’, ಬಸುರಿನ ಗುರುತು. ಆದರೆ ಕಫ ಕಟ್ಟಿದವರಿಗೂ, ಅಜೀರ್ಣದವರಿಗೂ, ಗಟ್ಟಿಮುಟ್ಟಾಗಿರುವ ಹರೆಯದವರಿಗೂ ಅದೇ ನಾಡಿ ಇರುತ್ತೆ ಅಂತ ಅವರ ಶಾಸ್ತ್ರವೇ ಹೇಳುತ್ತೆ. 2014ರಲ್ಲಿ ಬೀಜಿಂಗ್‌ನ ಸುಟ್ಟಗಾಯದ ಡಾಕ್ಟರೊಬ್ಬರು, ಬರೀ ನಾಡಿ ನೋಡಿ ಯಾರು ಬಸುರಿ ಅಂತ ನೂರಕ್ಕೆ 80 ಸಲ ಸರಿಯಾಗಿ ಹೇಳಿದವರಿಗೆ ಬಹುಮಾನ ಅಂತ ಸವಾಲು ಹಾಕಿದ್ದರು. ಒಪ್ಪಿದವರೂ ಇದ್ದರು, ಪರೀಕ್ಷೆ ಮಾತ್ರ ನಡೆಯಲೇ ಇಲ್ಲ.

ನಡೆದು, ಗೆದ್ದೇ ಇದ್ದರು ಅಂತಿಟ್ಟುಕೊಂಡರೂ ನಿಮಗೆ ಅದರಿಂದ ಉಪಯೋಗವಿಲ್ಲ. ನಿಮಗೆ ಬೇಕಾಗಿರೋದು ಬಸುರು ಎಲ್ಲಿ ನಿಂತಿದೆ ಅನ್ನೋದು. ನೂರರಲ್ಲಿ ಒಂದೆರಡು ಗರ್ಭಕೋಶದ ಹೊರಗೆ, ಅದರಲ್ಲೂ ಹೆಚ್ಚಿನವು ಅಂಡನಾಳದಲ್ಲಿ ನಿಲ್ಲುತ್ತವೆ. ಅಲ್ಲಿ ನಿಂತರೂ ಬಸುರಿನ ಹಾರ್ಮೋನು ಎಚ್‌ಸಿಜಿ ರಕ್ತಕ್ಕೆ ಬರುತ್ತೆ, ಮುಟ್ಟು ನಿಲ್ಲುತ್ತೆ, ವಾಕರಿಕೆಯೂ ಬರಬಹುದು, ಮನೆಯ ಕಿಟ್‌ನಲ್ಲಿ ಎರಡು ಗೆರೆ ಬೀಳುತ್ತೆ. ಎಲ್ಲಿ ನಿಂತಿದೆ ಅಂತ ಮಣಿಕಟ್ಟಿನಲ್ಲಿ ಗೊತ್ತಾಗುವ ದಾರಿಯೇ ಇಲ್ಲ. ನಾಳ ಒಡೆದು ಒಳಗೆ ರಕ್ತ ಸೋರಿದಾಗ ನಾಡಿ ಓಡುತ್ತೆ, ಕ್ಷೀಣಿಸುತ್ತೆ, ನಿಜ. ಅಷ್ಟು ಹೊತ್ತಿಗೆ ಜೀವಕ್ಕೇ ಕುತ್ತು ಬಂದಿರುತ್ತೆ.

ಆಸ್ಪತ್ರೆಯಲ್ಲಿ ‘ಫೂ ಕ’, ಅಂದರೆ ಸ್ತ್ರೀರೋಗ ವಿಭಾಗಕ್ಕೆ ಚೀಟಿ ಮಾಡಿಸಿ, ಪಾಸ್‌ಪೋರ್ಟ್ ಇರಲಿ. ಹೊತ್ತು ಮೀರಿದ್ದರೆ ಎಮರ್ಜೆನ್ಸಿ, ‘ಜಿ ಝೆನ್’. ಒಂದೊಂದು ಪರೀಕ್ಷೆಗೂ ಮೊದಲು ಫೋನಿನ ವೀಚಾಟ್ ಆ್ಯಪ್‌ನಲ್ಲಿ ದುಡ್ಡು ಕಟ್ಟಬೇಕು, ಆಮೇಲೆಯೇ ಸೂಜಿ. ಡಾಕ್ಟರ ಕೋಣೆಯಲ್ಲಿ ಮುಂದಿನ ಪೇಷಂಟ್ ನಿಮ್ಮ ಭುಜದ ಹಿಂದೆಯೇ ನಿಂತಿರ್ತಾರೆ. ಸ್ಕ್ಯಾನ್‌ಗೆ ಮುಂಚೆ ಲೈಂಗಿಕ ಸಂಪರ್ಕ ಆಗಿದೆಯಾ ಅಂತ ಎಲ್ಲರ ಎದುರೇ ಕೇಳ್ತಾರೆ. ನಾಚಿಕೆ ಪಡಬೇಡಿ, ಯೋನಿ ಮೂಲಕ ಮಾಡುವ ಸ್ಕ್ಯಾನೇ ಈ ಹಂತದಲ್ಲಿ ಚೆನ್ನಾಗಿ ಕಾಣಿಸೋದು, ಅದಕ್ಕೇ ಆ ಪ್ರಶ್ನೆ. ಅಂದ ಹಾಗೆ, ಚೀನೀ ವೈದ್ಯ ಪದ್ಧತಿಯ ದೊಡ್ಡ ಆಸ್ಪತ್ರೆಗಳಲ್ಲೂ ಎಚ್‌ಸಿಜಿ ರಕ್ತಪರೀಕ್ಷೆ, ಸ್ಕ್ಯಾನ್ ಎರಡೂ ಇವೆ. ಓನರ್ ಆಂಟಿಗೆ ಬೇಜಾರಾಗದಿರಲಿ ಅಂದರೆ ಅಲ್ಲಿಗೇ ಹೋಗಿ.

ಎಚ್‌ಸಿಜಿ ಒಂದೇ ಸಲ ನೋಡಿದರೆ ಏನೂ ತೀರ್ಮಾನ ಆಗಲ್ಲ. 48 ಗಂಟೆ ಬಿಟ್ಟು ಮತ್ತೆ ನೋಡ್ತಾರೆ. ಶುರುವಿನ ದಿನಗಳಲ್ಲಿ ಸಾಮಾನ್ಯವಾಗಿ ಅರ್ಧದಷ್ಟಾದರೂ ಏರಬೇಕು. ಎರಡನೇ ಸಲವೂ ಅದೇ ಲ್ಯಾಬ್‌ನಲ್ಲೇ ಕೊಡಿ. ಆರು ವಾರದ ಹೊತ್ತಿಗೆ ಗರ್ಭಚೀಲ ಗರ್ಭಕೋಶದೊಳಗೆ ಕಾಣಬೇಕು. ‘ಏನೂ ಕಾಣಲಿಲ್ಲ’ ಅಂತ ರಿಪೋರ್ಟ್ ಬಂದರೆ ನಿಶ್ಚಿಂತೆಯಿಂದ ಮನೆಗೆ ಬರಬೇಡಿ, ಮುಂದೆ ಯಾವತ್ತು ಬರಬೇಕು ಅಂತ ಕೇಳಿಕೊಂಡೇ ಬನ್ನಿ. ಹೊರಗಿದೆ ಅಂತ ಬೇಗ ಗೊತ್ತಾದರೆ ಕೆಲವರಿಗೆ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ನಲ್ಲೇ ಮುಗಿಯುತ್ತೆ, ಇಲ್ಲದಿದ್ದರೆ ಲ್ಯಾಪರೊಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಹಾಕಿ ಮಾಡುವ ಆಪರೇಷನ್. ನಾಡಿ ನೋಡಿದ ವೈದ್ಯರು ಕಷಾಯದ ಪೊಟ್ಟಣ ಕೊಟ್ಟಿದ್ದರೆ ಆಸ್ಪತ್ರೆಯಲ್ಲಿ ತೋರಿಸುವವರೆಗೆ ಕುದಿಸಬೇಡಿ, ತಗೊಂಡು ಹೋಗಿ.

ತಲೆ ಸುತ್ತಿದರೆ, ಹೊಟ್ಟೆ ಒಮ್ಮೆಲೇ ಜೋರಾಗಿ ನೋವಾದರೆ, ಭುಜದ ತುದಿ ನೋಯಲು ಶುರುವಾದರೆ ಕ್ಯೂ, ಚೀಟಿ ಎಲ್ಲ ಬಿಟ್ಟು 120ಕ್ಕೆ ಫೋನ್ ಮಾಡಿ. ಭುಜಕ್ಕೂ ಇದಕ್ಕೂ ಏನು ಸಂಬಂಧ ಅನ್ನಬೇಡಿ, ಹೊಟ್ಟೆಯೊಳಗೆ ಸೋರಿದ ರಕ್ತ ವಪೆಗೆ, ಅಂದರೆ ಎದೆ-ಹೊಟ್ಟೆ ನಡುವಿನ ಸ್ನಾಯುವಿಗೆ, ತಾಗಿದರೆ ನೋವು ಅಲ್ಲಿ ಕಾಣಿಸಿಕೊಳ್ಳುತ್ತೆ.

ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನು ಮೊದಲೇ ಹೇಳಿ. ಇಲ್ಲಿ ನೂರಕ್ಕೆ ಒಬ್ಬರಿಗೂ ಆ ರಕ್ತ ಇಲ್ಲ, ಹೊಂದಿಸೋಕೆ ಅವರಿಗೆ ಹೊತ್ತು ಬೇಕು. ರಿಪೋರ್ಟ್ ಕೈಗೆ ಬಂದ ತಕ್ಷಣ ಫೋಟೋ ಕಳಿಸಿ, ಚೀನೀ ಅಕ್ಷರ ನಾನು ಓದಿ ಹೇಳ್ತೀನಿ.